ಆಕಾಶದಲ್ಲಿ ಮರುಬಿತ್ತನೆಯಿಲ್ಲ

ಗದಗ ಸೀಮೆಯ ಎರೆಹೊಲದಲ್ಲಿ ಕೂರಿಗೆ ಹೂಡಿದ ರೈತನು ನಾಲ್ಕು ಹೆಜ್ಜೆ ನಡೆದೊಡನೆ ಎತ್ತುಗಳನ್ನು ನಿಲ್ಲಿಸಿ, ಎಲ್ಲ ಕೊಳವೆಗಳಿಂದಲೂ ಕಾಳು ಬೀಳುತ್ತಿದೆಯೇ ಎಂದು ನೋಡಿಕೊಳ್ಳುವನು. ಯಾವುದಾದರೊಂದು ಕೊಳವೆ ಕಟ್ಟಿದ್ದರೆ ಅದು ಅಲ್ಲಿಯೇ ತಿಳಿಯಬೇಕು. ಹೊಲವೆಲ್ಲ ಮುಗಿದ ಮೇಲೆ ತಿಳಿದರೆ ನಷ್ಟವೇ ಸರಿ. ಗಣಕಯಂತ್ರದ ಕ್ರಮವಿಧಿಗಳನ್ನು ರಚಿಸುವವರಲ್ಲಿ ‘ಎಜೈಲ್’ ಎಂದು ಪ್ರಸಿದ್ಧವಾಗಿರುವ ಪದ್ಧತಿಯ ತಿರುಳೂ ಇದೇ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಕಲೆತ 17 ಮಂದಿ ತಜ್ಞರು ಇದರ ತತ್ತ್ವಗಳನ್ನು ಸಾರಿದರು. ಕೆಲಸವನ್ನು ಸಣ್ಣ ಸುತ್ತುಗಳಾಗಿ ವಿಂಗಡಿಸಿ, ಆಗಾಗ ಬಳಕೆದಾರರ ಕೈಗೆ ಕೊಟ್ಟು, ಅವರ ಮಾತನ್ನು ಕೇಳಿ ತಿದ್ದುವುದೇ ಅದರ ಕ್ರಮ.

ಆದರೆ ಬಳಕೆದಾರನು ವಿಮಾನಚಾಲಕನಾದರೆ?

ಆ ಸಭೆಗೆ ಒಂದು ತಿಂಗಳು ಮೊದಲು, ಜನವರಿ 4ರಂದು, ಮುಂದೆ ‘ತೇಜಸ್’ ಎಂಬ ಹೆಸರು ಪಡೆದ ಯುದ್ಧವಿಮಾನವು ಬೆಂಗಳೂರಿನಲ್ಲಿ ಪ್ರಥಮ ಬಾರಿಗೆ ನೆಲ ಬಿಟ್ಟಿತು. ಚುರುಕಾಗಿ ಹೊರಳಲೆಂದು ಅದನ್ನು ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ರಚಿಸಲಾಗಿದೆ. ಚಾಲಕನ ಅಪ್ಪಣೆ ಮೊದಲು ಗಣಕಯಂತ್ರಕ್ಕೆ ಹೋಗುತ್ತದೆ. ಅದು ಕ್ಷಣಕ್ಷಣವೂ ರೆಕ್ಕೆಯ ಅಂಚಿನ ಹಲಗೆಗಳನ್ನು ಚಲಿಸಿ ವಿಮಾನವನ್ನು ಹದದಲ್ಲಿಡುತ್ತದೆ. ಯಂತ್ರವೊಂದು ಕೆಟ್ಟರೂ ಅಪಾಯವಾಗದಂತೆ ಈ ವ್ಯವಸ್ಥೆಯನ್ನು ನಾಲ್ಮಡಿಗೊಳಿಸಿದ್ದಾರೆ. ಆದರೆ ಯಾವ ವಿಮಾನದಲ್ಲೇ ಆಗಲಿ, ಒಂದೇ ಕ್ರಮವಿಧಿಯನ್ನು ನಾಲ್ಕು ಕಡೆ ಇರಿಸಿದರೆ ಅದರ ತಪ್ಪೂ ನಾಲ್ಕು ಕಡೆ ಇರುವುದಷ್ಟೆ!

ಆದುದರಿಂದ ತೇಜಸ್‌ನ ನಿಯಂತ್ರಣ ವ್ಯವಸ್ಥೆಯನ್ನು ‘ಐರನ್ ಬರ್ಡ್’ ಎಂಬ ಹಾರದ ಹಕ್ಕಿಯ ಮೇಲೆ, ಎಂದರೆ ವಿಮಾನದ ನಿಯಂತ್ರಣಾಂಗಗಳನ್ನೇ ಜೋಡಿಸಿದ ನೆಲದ ಚೌಕಟ್ಟಿನ ಮೇಲೆ, ಒರೆಗೆ ಹಚ್ಚಿದರು. ಹಾರತೊಡಗಿದ ಬಳಿಕವೂ ವೇಗ, ಎತ್ತರಗಳ ಎಲ್ಲೆಯನ್ನು ಹಂತಹಂತವಾಗಿಯೇ ವಿಸ್ತರಿಸಿದರು. ಸಣ್ಣ ಹೆಜ್ಜೆಯ ನೀತಿ ವಿಮಾನಶಾಸ್ತ್ರಕ್ಕೆ ಹೊಸದಲ್ಲ.

ಪ್ರಯಾಣಿಕ ವಿಮಾನಗಳ ಕ್ರಮವಿಧಿಗೆ ಇಂದು ಅನ್ವಯಿಸುವ, 2011ರ ‘ಡಿಓ-178ಸಿ’ ಎಂಬ ಪ್ರಮಾಣಸೂತ್ರವು ಈ ವಿಷಯದಲ್ಲಿ ಗಮನಾರ್ಹವಾದುದು. ತಪ್ಪಿದರೆ ವಿಮಾನವೇ ನಾಶವಾಗಬಹುದಾದ ‘ಎ’ ವರ್ಗದ ಕ್ರಮವಿಧಿಗೆ ಅದು 71 ಗುರಿಗಳನ್ನು ಗೊತ್ತುಪಡಿಸಿ, ಅವು ಈಡೇರಿದುದಕ್ಕೆ ಪುರಾವೆ ಕೇಳುತ್ತದೆ. ಆದರೆ ಕೆಲಸದ ಅನುಕ್ರಮವನ್ನು ವಿಧಿಸುವುದಿಲ್ಲ. ಎಂದಮೇಲೆ ಸಣ್ಣ ಸುತ್ತುಗಳಿಗೆ ಅಡ್ಡಿಯಿಲ್ಲ. ಒಂದು ಸಾಲನ್ನು ತಿದ್ದಿದರೂ ಅದು ಯಾವ ಅಗತ್ಯಕ್ಕಾಗಿ, ಅದರಿಂದ ಬೇರಾವ ಭಾಗಕ್ಕೆ ಬಾಧೆ, ಯಾವ ಪರೀಕ್ಷೆಯಿಂದ ಅದು ಸರಿಯೆಂದು ಸಿದ್ಧವಾಯಿತು ಎಂಬುದು ಲಿಖಿತವಾಗಿರಬೇಕು. ಬರೆದವನ ಕೆಲಸವನ್ನು ಇನ್ನೊಬ್ಬನು ಪರಿಶೀಲಿಸಬೇಕು. ಈ ಪುರಾವೆಯನ್ನು ಕೊನೆಗೆಂದು ಉಳಿಸಿಕೊಳ್ಳದೆ, ಪ್ರತಿ ಸುತ್ತಿನಲ್ಲಿಯೂ ಕ್ರಮವಿಧಿಯೊಡನೆಯೇ ಬೆಳೆಸಿದರೆ ಎಜೈಲ್ ಪದ್ಧತಿ ಇಲ್ಲಿಯೂ ಸಲ್ಲುವುದು. ತಿದ್ದುವ ಸ್ವಾತಂತ್ರ್ಯವೆಲ್ಲ ನೆಲದ ಮೇಲೆ. ಪರೀಕ್ಷೆ ಮುಗಿಯದುದು ಪ್ರಯಾಣಿಕರೊಡನೆ ಮೇಲೇರಕೂಡದು.

ಬರಿದಾದ ಸಾಲನ್ನು ರೈತನು ಮತ್ತೆ ಬಿತ್ತಬಲ್ಲನು. ಚಾಲಕನಿಗೆ ಆ ಅವಕಾಶವಿಲ್ಲ.