ಶಾಂತಿ ಕಾಯುವ ಅಧಿಕಾರಿ ಯಾರು?

ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿರುವ ವಿಮಾನದೊಳಗೆ ಪ್ರಯಾಣಿಕನೊಬ್ಬ ಗಲಾಟೆ ಎಬ್ಬಿಸಿದರೆ ಅವನನ್ನು ಹಿಡಿಯುವವರು ಯಾರು? ಅಲ್ಲಿ ಪೊಲೀಸ್ ಠಾಣೆ ಇಲ್ಲ. ಕೆನಡಾ ದೇಶದ ದಂಡ ಸಂಹಿತೆ ಇದಕ್ಕೆ ಸರಳವಾದ ಉತ್ತರ ಕೊಟ್ಟಿದೆ. ಆ ದೇಶದಲ್ಲಿ ನೋಂದಣಿಯಾದ ವಿಮಾನ ಹಾರಾಟದಲ್ಲಿ ಇರುವಷ್ಟು ಹೊತ್ತು ಅದರ ಮುಖ್ಯ ಪೈಲಟ್ ಒಬ್ಬ ‘ಪೀಸ್ ಆಫೀಸರ್’, ಅಂದರೆ ಶಾಂತಿಪಾಲನಾಧಿಕಾರಿ. ಅದೇ ಪಟ್ಟಿಯಲ್ಲಿ ಊರಿನ ಮೇಯರ್, ಷೆರೀಫ್, ಜೈಲು ಸಿಬ್ಬಂದಿ, ಪೊಲೀಸ್ ಕಾನ್‌ಸ್ಟೆಬಲ್ ಎಲ್ಲರೂ ಇದ್ದಾರೆ. ಹುದ್ದೆಗಳು ಬೇರೆ ಬೇರೆ. ಕಾನೂನು ಅವುಗಳಿಗೆ ಕೊಟ್ಟ ಅಧಿಕಾರದ ಹೆಸರು ಒಂದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಪಟ್ಟಿ ಇನ್ನೂ ಉದ್ದ. ಹೆದ್ದಾರಿ ಗಸ್ತಿನವರು, ವನ್ಯಜೀವಿ ಕಾಯುವವರು, ವಿಶ್ವವಿದ್ಯಾಲಯದ ಪೊಲೀಸರೂ ಅದರಲ್ಲಿ ಸೇರಿದ್ದಾರೆ. ಕರ್ತವ್ಯದಲ್ಲಿ ಮಡಿದ ಇಂಥ ಅಧಿಕಾರಿಗಳ ನೆನಪಿಗೆ ಮೇ 15ನ್ನು ಮೀಸಲಿಡುವ ಪದ್ಧತಿ ಅಧ್ಯಕ್ಷ ಕೆನಡಿಯವರ ಕಾಲದಲ್ಲಿ, 1962ರಲ್ಲಿ ಬಂತು.

ಈ ಕಲ್ಪನೆಯ ಬೇರು ಇರುವುದು ಇಂಗ್ಲೆಂಡಿನಲ್ಲಿ. 1285ರ ವಿಂಚೆಸ್ಟರ್ ಶಾಸನದಂತೆ ಕಳ್ಳನನ್ನು ಕಂಡವನು ಕೂಗೆಬ್ಬಿಸಬೇಕು, ಕೂಗು ಕೇಳಿದ ಊರವರು ಬೆನ್ನಟ್ಟಬೇಕು. ಶಾಂತಿ ಕಾಯುವುದು ಆಗ ಊರಿನ ಹೊಣೆ. 1361ರ ಕಾಯ್ದೆಯು ‘ಶಾಂತಿಯ ನ್ಯಾಯಾಧೀಶ’ರಿಗೆ ಜಗಳಗಂಟರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಕೊಟ್ಟಿತು. ಸಂಬಳದ, ಸಮವಸ್ತ್ರದ ಪೊಲೀಸರು ಲಂಡನ್ನಿಗೆ ಬಂದದ್ದು ಬಹಳ ತಡವಾಗಿ, 1829ರಲ್ಲಿ.

ನಮ್ಮಲ್ಲಿ ಪೀಸ್ ಆಫೀಸರ್ ಎಂಬ ಹುದ್ದೆ ಇಲ್ಲ, ಆದರೆ ಆ ಕೆಲಸ ಇದೆ. ತಹಸೀಲ್ದಾರರು ಜಾತಿ ಪ್ರಮಾಣಪತ್ರ ಕೊಡುವವರು ಎಂದಷ್ಟೇ ಮಕ್ಕಳಿಗೆ ಗೊತ್ತು. ಅವರು ತಾಲ್ಲೂಕು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಹೌದು. ಶಾಂತಿ ಕದಡಬಹುದೆಂಬ ಮಾಹಿತಿ ಬಂದರೆ ಅಂಥವರಿಗೆ ನೋಟಿಸು ಕೊಟ್ಟು, ವಿಚಾರಣೆ ನಡೆಸಿ, ಗರಿಷ್ಠ ಒಂದು ವರ್ಷದ ಮುಚ್ಚಳಿಕೆ ಕೇಳಬಹುದು. ಹಳೆಯ ಸಂಹಿತೆಯಲ್ಲಿ ಇದು 107ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126. ಇದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆ. ಆದರೂ ಕಾಲೇಜು ಜಗಳವೊಂದರಲ್ಲಿ ಮಗನ ಹೆಸರು ಸೇರಿ ಇಂಥ ನೋಟಿಸು ಮನೆಗೆ ಬಂದಾಗ ತಂದೆತಾಯಿ ಕಂಗಾಲಾಗುತ್ತಾರೆ. ನೋಟಿಸನ್ನು ಮುಚ್ಚಿಡದೆ, ಹೇಳಿದ ದಿನ ಹಾಜರಾಗಿ ಉತ್ತರ ಕೊಡುವುದೇ ಸರಿ.

ಅಧಿಕಾರ ಇದ್ದಲ್ಲಿ ಅಂಕೆಯೂ ಇರಬೇಕಲ್ಲ! ಬಂಧಿಸಿದವರು ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸುವುದೂ ಪೊಲೀಸರ ಕರ್ತವ್ಯ.

ವಿಂಚೆಸ್ಟರಿನ ಆ ಹಳೆಯ ಕೂಗು ನಮ್ಮ ಕಾನೂನಿನಲ್ಲಿ ಇನ್ನೂ ಅಡಗಿದೆ. ಜಾಮೀನಿಲ್ಲದ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯ ಪ್ರಜೆಯೂ ಅಪರಾಧಿಯನ್ನು ಹಿಡಿಯಬಹುದು. ಆದರೆ ಸುಮ್ಮನೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಥಳಿಸುವುದು ಇದರಲ್ಲಿ ಸೇರಿಲ್ಲ. ಹಾಗೆ ಮಾಡಿದವರ ಮೇಲೆಯೇ ಮೊಕದ್ದಮೆ ಹೂಡಬಹುದು.