ಮಂಗಳೂರಿನ ಕಾನ್ವೆಂಟು ಹುಟ್ಟಿದ ಬಗೆ

ಹುಡುಗಿಯರನ್ನು ಶಾಲೆಗೆ ಕಳುಹಿಸಿರೆಂದರೆ ಹಿಂದೆ ಊರ ಹಿರಿಯರು ಮೊದಲು ಕೇಳುತ್ತಿದ್ದುದು, "ಪಾಠ ಹೇಳುವವರು ಯಾರು?" ಎಂದು. ಗಂಡಸು ಮೇಷ್ಟರಾದರೆ ಮಗಳು ದೊಡ್ಡವಳಾದೊಡನೆ ಶಾಲೆ ಬಿಡಿಸುತ್ತಿದ್ದರು. ಈ ತೊಡಕಿಗೆ ಮಂಗಳೂರಿನಲ್ಲಿ ಒಂದು ದಾರಿ ದೊರೆತ ಸಂಗತಿ ರೈತ ಬಾಂಧವರು ತಿಳಿಯತಕ್ಕದ್ದು.

ಕಾನ್ವೆಂಟ್ ಎಂದರೆ ಇಂಗ್ಲಿಷ್ ಶಾಲೆ ಎಂದೇ ನಮ್ಮಲ್ಲಿ ರೂಢಿ. ನಿಜವಾಗಿ ಅದು ಕ್ರೈಸ್ತ ಸನ್ಯಾಸಿನಿಯರ ಮಠ. ಶಾಲೆ ಅದರ ಮಗ್ಗುಲಲ್ಲಿ ಬೆಳೆದದ್ದು. ಕ್ಯಾಥೊಲಿಕರಲ್ಲಿ ಕಾರ್ಮೆಲ್ ಪಂಥದ ಸನ್ಯಾಸಿನಿಯರಂತೂ ಪ್ರಾರ್ಥನೆಯಲ್ಲೇ ಬಾಳು ಕಳೆಯುವವರು, ಮಠದ ಗೋಡೆ ದಾಟುವಂತಿಲ್ಲ. ಅಂಥವರು ಊರ ಮಕ್ಕಳಿಗೆ ಕಲಿಸುವುದು ಹೇಗೆ?

ಉಪಾಯ ಕಂಡವರು ತಾಯಿ ವೆರೋನಿಕಾ. ಅವರು 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದ ಆಂಗ್ಲ ಪಾದ್ರಿಯ ಮಗಳು. ಕ್ಯಾಥೊಲಿಕ್ ಮತಕ್ಕೆ ಸೇರಿ, ಕೆಲಕಾಲ ಕಲ್ಲಿಕೋಟೆಯಲ್ಲಿ ಶಾಲೆಯ ಕೆಲಸ ಮಾಡಿದವರು. ಈ ಕರಾವಳಿಯ ಕೊರತೆಯನ್ನು ಕಣ್ಣಾರೆ ಕಂಡವರು. ಪ್ರಾರ್ಥನೆಯೂ ಇರಬೇಕು, ಪಾಠವೂ ನಡೆಯಬೇಕು ಎಂದು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೋಸ್ತೊಲಿಕ್ ಕಾರ್ಮೆಲ್ ಎಂಬ ಸಂಘವನ್ನು ತೆರೆದರು. ಮಂಗಳೂರಿನ ಬಿಷಪ್ ಮೇರಿ ಎಫ್ರೆಮ್ ಇದಕ್ಕೆ ಒತ್ತಾಸೆಯಾಗಿ ನಿಂತರು. ಇಲ್ಲಿ ಗಮನಿಸಿ: ಮಂಗಳೂರಿನಲ್ಲಿ ಶಾಲೆ ಏಳುವ ಮೊದಲೇ ಕಲಿಸುವವರನ್ನು ಸಿದ್ಧಪಡಿಸುವ ಕೆಲಸ ನಡೆದಿತ್ತು. ಕಟ್ಟಡ ಎಬ್ಬಿಸಿ ಉಪಾಧ್ಯಾಯಿನಿಗಾಗಿ ಕಾಯುವ ನಮ್ಮ ಪದ್ಧತಿಗೆ ಇದು ತಿರುವುಮುರುವು.

ಆ ಕಾಲದ ಸಮುದ್ರಯಾನ ಸುಲಭವಿರಲಿಲ್ಲ. ಮಂಗಳೂರಿನಲ್ಲಿ ಗೋಡೆಯೊಳಗಿನ ಮಠವನ್ನೂ ಸ್ಥಾಪಿಸಲೆಂದು 1870ರಲ್ಲಿ ಹೊರಟ ಕಾರ್ಮೆಲ್ ಸನ್ಯಾಸಿನಿಯರಲ್ಲಿ ಮೂವರು ಊರು ಮುಟ್ಟುವ ಮೊದಲೇ ತೀರಿಕೊಂಡರು. ಆ ಸುದ್ದಿಗೆ ಇತರರು ಹಿಂಜರಿಯಲಿಲ್ಲ. ಅದೇ ವರ್ಷ ನವೆಂಬರ್ 19ರಂದು ವೆರೋನಿಕಾ ಅವರ ಸಂಘದ ಮೂವರು ಸೋದರಿಯರು ಮಂಗಳೂರಿಗೆ ಬಂದಿಳಿದರು. ಆಗ ಆ ಊರಿಗೆ ರೈಲಿಲ್ಲ. ಜಿಲ್ಲೆ ಮದ್ರಾಸ್ ಆಧಿಪತ್ಯಕ್ಕೆ ಸೇರಿತ್ತು. ಅಲ್ಲಿನ ಭಾಷೆಗಳೂ ಅವರಿಗೆ ಹೊಸವು. ಬಂದ ವರ್ಷವೇ ಸೇಂಟ್ ಆನ್ಸ್ ಕಾನ್ವೆಂಟಿನ ಶಾಲೆ ಆರಂಭವಾಯಿತು.

ಮುಂದೆ ಅಲ್ಲಿಯೇ ಉಪಾಧ್ಯಾಯಿನಿಯರ ಟ್ರೈನಿಂಗ್ ಶಾಲೆಯೂ ಬೆಳೆಯಿತು. ನನಗೆ ಇದೇ ಹೆಚ್ಚಿನದೆಂದು ತೋರುತ್ತದೆ. ಹೊರಗಿನಿಂದ ಬಂದವರು ಎಷ್ಟು ಮಂದಿ, ಎಷ್ಟು ದಿನ ಕಲಿಸಿಯಾರು? ಸ್ಥಳದ ಹೆಣ್ಣುಮಕ್ಕಳೇ ಕಲಿತು ಕಲಿಸುವಂತಾದರೆ ಊರೂರಿಗೂ ಕೆಲಸ ಹಬ್ಬುತ್ತದೆ. 1921ರಲ್ಲಿ ಇದೇ ಸಂಘ ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜನ್ನೂ ತೆರೆಯಿತು.

ತಾಯಿ ವೆರೋನಿಕಾ ಮಾತ್ರ ಆ ಮೂವರ ಜೊತೆ ಬಂದಿರಲಿಲ್ಲ. ಬಯೋನಿನ ಮನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅವರು 1906ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡಾಗ ಮಂಗಳೂರಿನ ಶಾಲೆಗೆ 36 ವರ್ಷ ತುಂಬಿತ್ತು.