ಚಕ್ರದ ಮನೆಯಲ್ಲಿ ಹೀಟರ್ ಕೈಕೊಟ್ಟರೆ?

ದಕ್ಷಿಣ ಕ್ಯಾಲಿಫೋರ್ನಿಯಾ ಎಂದೊಡನೆ ಊರಿನ ಬಂಧುಗಳ ಕಣ್ಣಿಗೆ ಕಟ್ಟುವುದು ಬಿಸಿಲು, ಕಡಲತೀರ, ಸಾಲು ತಾಳೆಮರ. "ನಿಮಗೆಲ್ಲಿಯ ಚಳಿ?" ಎಂದು ಅವರು ಕೇಳುವುದು ಸಹಜ. ಆದರೆ ಲಾಸ್ ಏಂಜಲೀಸಿನಿಂದ ಎರಡು ಮೂರು ಗಂಟೆ ಪ್ರಯಾಣ ಮಾಡಿದರೆ ಸುಮಾರು 6,750 ಅಡಿ ಎತ್ತರದ ಬಿಗ್ ಬೇರ್ ಸರೋವರ ಸಿಗುತ್ತದೆ. ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ ಹೊರಟರೆ ಸುಮಾರು 4,200 ಅಡಿ ಎತ್ತರದಲ್ಲಿ ಜೂಲಿಯನ್ ಊರಿದೆ. ಚಳಿಗಾಲದಲ್ಲಿ ಎರಡೂ ಕಡೆ ಹಿಮ ಬೀಳುವುದುಂಟು. ಜೋಶುವಾ ಟ್ರೀ ಮರುಭೂಮಿಯ ರಾತ್ರಿಗಳೂ ಕೊರೆಯುತ್ತವೆ.

ರಜೆ ಬಂತೆಂದರೆ ನಮ್ಮಲ್ಲಿ ಎಷ್ಟೋ ಕುಟುಂಬಗಳು ಮೋಟಾರ್‌ಹೋಮ್ ಬಾಡಿಗೆಗೆ ಪಡೆದು ಇಂತಹ ಕಡೆ ಹೊರಡುತ್ತವೆ. ಇಲ್ಲಿಯವರು 'ಆರ್‌ವಿ' ಎಂದು ಕರೆಯುವ ಈ ವಾಹನವನ್ನು ನಾವು ಚಕ್ರದ ಮನೆ ಎನ್ನೋಣ. ಅದರಲ್ಲಿ ಮಕ್ಕಳೂ ಅಜ್ಜ ಅಜ್ಜಿಯರೂ ಮಲಗಿರುವಾಗ ನಡುರಾತ್ರಿ ವಿದ್ಯುತ್ ಹೀಟರ್ ನಿಂತುಹೋದರೆ ಏನು ಮಾಡಬೇಕು? ಹಲವು ಸಲ ದೋಷ ಹೀಟರಿನಲ್ಲಿ ಇರುವುದಿಲ್ಲ, ಅದಕ್ಕೆ ಕರೆಂಟು ಬರುವ ದಾರಿಯಲ್ಲಿ ಇರುತ್ತದೆ. ಆ ದಾರಿಯನ್ನು ತಿಳಿದುಕೊಂಡರೆ ಗಾಬರಿ ತಪ್ಪುತ್ತದೆ, ಅಪಾಯವೂ ತಪ್ಪುತ್ತದೆ.

ಎರಡು ಬಗೆಯ ಕರೆಂಟು

ಚಕ್ರದ ಮನೆಯಲ್ಲಿ ಎರಡು ಬಗೆಯ ವಿದ್ಯುತ್ತು ಇರುತ್ತದೆ. ದೀಪ, ನೀರಿನ ಪಂಪು ಮುಂತಾದವು 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಹೀಟರಿಗೆ ಮನೆಯಲ್ಲಿರುವಂತೆ 120 ವೋಲ್ಟ್ ಬೇಕು. ಅದು ಕ್ಯಾಂಪಿನ ಕರೆಂಟ್ ಕಂಬದಿಂದ ದಪ್ಪ ಕೇಬಲಿನ ಮೂಲಕ ಬರುತ್ತದೆ. "ದೀಪ ಉರಿಯುತ್ತಿದೆ, ಆದ್ದರಿಂದ ಕರೆಂಟು ಇದೆ" ಎಂದುಕೊಳ್ಳುವುದು ಇಲ್ಲಿ ಸರಿಯಲ್ಲ. ದೀಪ ಉರಿಯುತ್ತಿದ್ದರೂ ಕಂಬದ ಕರೆಂಟು ಹೋಗಿರಬಹುದು.

ಬ್ಯಾಟರಿಯಿಂದಲೇ ಹೀಟರ್ ನಡೆಸಬಾರದೇ? ಮಕ್ಕಳೇ, ಲೆಕ್ಕ ಮಾಡಿ ನೋಡಿ. 1500 ವ್ಯಾಟಿನ ಹೀಟರಿಗೆ 12 ವೋಲ್ಟಿನ ಬ್ಯಾಟರಿಯಿಂದ 1500 ÷ 12 = 125 ಆಂಪಿಯರ್ ಬೇಕು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಬಳಸಿದರೂ ಅದು 24 ನಿಮಿಷಕ್ಕೆ ಮುಗಿಯಿತು! ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಕ್ಯಾಂಪುಗಳಲ್ಲಿ ಕರೆಂಟ್ ಕಂಬಗಳಿಲ್ಲ. ಅಲ್ಲಿಗೆ ಹೋಗುವವರು ವಿದ್ಯುತ್ ಹೀಟರನ್ನು ನಂಬಿಕೊಂಡು ಹೋಗಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚು

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 120 ವೋಲ್ಟಿನಲ್ಲಿ 1500 ವ್ಯಾಟಿನ ಹೀಟರ್ 12.5 ಆಂಪಿಯರ್ ಎಳೆಯುತ್ತದೆ. ಅನೇಕ ಮೋಟಾರ್‌ಹೋಮುಗಳಿಗೆ 30 ಆಂಪಿಯರ್ ಸಂಪರ್ಕ, ಅಂದರೆ ಒಟ್ಟು 3600 ವ್ಯಾಟ್ ಮಾತ್ರ. ಹೀಟರಿನ 12.5 ಆಂಪಿಯರ್, ಸ್ನಾನದ ನೀರು ಕಾಯಿಸುವ ಗೀಸರಿನ ಸುಮಾರು 12, ಅನ್ನಕ್ಕಿಟ್ಟ 1000 ವ್ಯಾಟಿನ ವಿದ್ಯುತ್ ಕುಕ್ಕರಿನ 8.3 ಕೂಡಿಸಿ. ಮೊತ್ತ 32.8. ಬ್ರೇಕರ್ ಬೀಳುತ್ತದೆ. ಇಲ್ಲಿ ಯಾವ ಉಪಕರಣವೂ ಕೆಟ್ಟಿಲ್ಲ, ನಮ್ಮ ಆಸೆ ಹಾಸಿಗೆಯನ್ನು ಮೀರಿದೆ ಅಷ್ಟೆ. ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚಿದರೆ ಸಮಸ್ಯೆಯೇ ಇಲ್ಲ.

ಮನೆಯ ಮುಂದೆ ನಿಲ್ಲಿಸಿ, ಅಡಾಪ್ಟರ್ ಹಾಕಿ, ಗ್ಯಾರೇಜಿನ 15 ಆಂಪಿಯರ್ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದರೆ ಹಾಸಿಗೆ ಇನ್ನೂ ಚಿಕ್ಕದು. ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ಕರೆಂಟನ್ನು ಹೆಚ್ಚಿಸುವುದಿಲ್ಲ. ಅಂತಹ ಸರ್ಕ್ಯೂಟಿನಿಂದ ಗಂಟೆಗಟ್ಟಲೆ ಎಳೆಯುವುದು 12 ಆಂಪಿಯರ್ ಮೀರಬಾರದು. ಆದ್ದರಿಂದ ಹೀಟರನ್ನು ಸುಮಾರು 750 ವ್ಯಾಟಿನ 'ಲೋ' ಸ್ಥಾನದಲ್ಲಿ ಇಡುವುದು ಕ್ಷೇಮ.

ದೋಷ ಹುಡುಕುವ ಕ್ರಮ

1. ಮೊದಲು ಹೀಟರನ್ನು ನೋಡಿ. ಥರ್ಮೋಸ್ಟಾಟ್ ತೀರ ಕೆಳಗೆ ಇದೆಯೇ? ಹೀಟರ್ ಓರೆಯಾಗಿ ನಿಂತಿದೆಯೇ? ಹಲವು ಹೀಟರುಗಳು ವಾಲಿದರೆ ತಾವೇ ಆರುತ್ತವೆ. ಗಾಳಿಯ ಕಿಂಡಿಗೆ ಧೂಳು ಕಟ್ಟಿದ್ದರೂ, ಕಂಬಳಿ ಅಡ್ಡ ಬಂದಿದ್ದರೂ ಒಳಗಿನ ರಕ್ಷಕ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ. ಪ್ಲಗ್ ಕಿತ್ತು, ಅರ್ಧ ಗಂಟೆ ತಣಿಯಲು ಬಿಟ್ಟು, ಧೂಳು ತೆಗೆದು ಮತ್ತೆ ಹಚ್ಚಿ.

2. ಅದೇ ಸಾಕೆಟ್ಟಿಗೆ ಫೋನಿನ ಚಾರ್ಜರ್ ಸಿಕ್ಕಿಸಿ ನೋಡಿ. ಅದೂ ನಡೆಯದಿದ್ದರೆ ಬಚ್ಚಲಿನ ಅಥವಾ ಅಡುಗೆ ಕಟ್ಟೆಯ ಬಳಿ 'ಟೆಸ್ಟ್', 'ರಿಸೆಟ್' ಗುಂಡಿಗಳಿರುವ ಸಾಕೆಟ್ ಹುಡುಕಿ. ಅದೊಂದು ಬಿದ್ದರೆ ಅದರ ಮುಂದಿನ ಸಾಕೆಟ್ಟುಗಳೂ ಸತ್ತಂತೆ ಆಗುತ್ತವೆ. 'ರಿಸೆಟ್' ಒತ್ತಿ.

3. ಒಳಗಿನ ಬ್ರೇಕರ್ ಪೆಟ್ಟಿಗೆ ತೆರೆಯಿರಿ. ಬಿದ್ದ ಬ್ರೇಕರಿನ ಕಡ್ಡಿ ನಡುವೆ ನಿಂತಿರುತ್ತದೆ. ಹೀಟರ್ ಆರಿಸಿ, ಕಡ್ಡಿಯನ್ನು ಪೂರ್ತಿ 'ಆಫ್' ಕಡೆಗೆ ತಳ್ಳಿ, ಆಮೇಲೆ 'ಆನ್' ಮಾಡಿ. ಹೊರೆ ಇಳಿಸಿದ ಮೇಲೂ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ.

4. ಕೊನೆಗೆ ಹೊರಗಿನ ಕಂಬ. ಅಲ್ಲಿಯೂ ಒಂದು ಬ್ರೇಕರ್ ಇದೆ. ಅದನ್ನು ಆರಿಸಿದ ಮೇಲಷ್ಟೇ ಕೇಬಲ್ ಕೀಳಬೇಕು. ಪಿನ್ನುಗಳು ಕಪ್ಪಾಗಿದ್ದರೆ, ಪ್ಲಗ್ ಕರಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಅದನ್ನು ಬಳಸದೆ ಕ್ಯಾಂಪಿನ ಸಿಬ್ಬಂದಿಗೆ ತಿಳಿಸಿ.

ಮೊದಲ ಎರಡು ಹೆಜ್ಜೆಗಳಲ್ಲಿ ಮಕ್ಕಳು ನೆರವಾಗಬಹುದು. ಮುಂದಿನವು ದೊಡ್ಡವರ ಕೆಲಸ.

ಬಿಸಿ ಬರುತ್ತದೆ, ಆದರೆ ಸಾಲದು

ಚಳಿಯ ರಾತ್ರಿ ಕ್ಯಾಂಪಿನಲ್ಲಿ ಎಲ್ಲರೂ ಒಟ್ಟಿಗೆ ಹೀಟರ್ ಹಚ್ಚಿದಾಗ ವೋಲ್ಟೇಜ್ ಇಳಿಯುವುದುಂಟು. ಬಿಸಿಯು ವೋಲ್ಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 120 ವೋಲ್ಟ್ 108ಕ್ಕೆ ಇಳಿದರೆ ಕಡಿಮೆಯಾದದ್ದು ಶೇಕಡಾ 10, ಆದರೆ ಬಿಸಿ ಶೇಕಡಾ 19ರಷ್ಟು ಕುಗ್ಗುತ್ತದೆ. 1500 ವ್ಯಾಟಿನ ಹೀಟರ್ 1215 ವ್ಯಾಟಿಗೆ ಇಳಿಯುತ್ತದೆ. ಇದು ಹೀಟರಿನ ತಪ್ಪಲ್ಲ.

ಊರಿನಿಂದ ತಂದ 230 ವೋಲ್ಟಿನ ಹೀಟರಿನ ಕಥೆಯೂ ಇದೇ. 1500 ವ್ಯಾಟ್ ಎಂದು ಬರೆದಿದ್ದರೂ 120 ವೋಲ್ಟಿನಲ್ಲಿ ಅದು ಕೊಡುವುದು ಸುಮಾರು 400 ವ್ಯಾಟ್. ಇಲ್ಲಿಯ ಹೀಟರನ್ನು ಊರಿಗೆ ಒಯ್ದು ಹಚ್ಚಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಕಾದು ಸುಟ್ಟುಹೋಗುತ್ತದೆ. ಎರಡೂ ಬೇಡ.

ಮಾಡಲೇಬಾರದ ಕೆಲಸಗಳು

ಹಿಂದೆ ನಮ್ಮ ಹಳ್ಳಿಗಳಲ್ಲಿ ಫ್ಯೂಸ್ ಪದೇಪದೇ ಹೋದರೆ ದಪ್ಪ ತಂತಿ ಕಟ್ಟಿಬಿಡುವವರಿದ್ದರು. ಅಲ್ಲಿಗೆ ಫ್ಯೂಸ್ ಹೋಗುವುದು ನಿಲ್ಲುತ್ತಿತ್ತು, ಬದಲಿಗೆ ಗೋಡೆಯೊಳಗಿನ ತಂತಿ ಕಾಯುತ್ತಿತ್ತು. ಬ್ರೇಕರ್ ಬಿದ್ದಾಗ ಅದರ ಮೇಲೆ ಸಿಟ್ಟಾಗಬೇಡಿ, ಅದು ನಮ್ಮ ಮನೆಯ ಕಾವಲುಗಾರ. ಹೀಟರಿಗೆ ತೆಳ್ಳನೆಯ ಎಕ್ಸ್‌ಟೆನ್ಶನ್ ವಯರ್ ಬಳಸಬೇಡಿ. ಹಾಸಿಗೆ, ಪರದೆಗಳಿಂದ ಕನಿಷ್ಠ 3 ಅಡಿ ದೂರ ಇಡಿ. ಪ್ಲಗ್ಗನ್ನು ಆಗಾಗ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಆರಿಸಿಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೀಟರ್ ಕೈಕೊಟ್ಟಿತೆಂದು ಇದ್ದಿಲ ಒಲೆಯನ್ನು ಒಳಗೆ ತರಬೇಡಿ, ಗ್ಯಾಸ್ ಒಲೆ ಹಚ್ಚಿಟ್ಟು ಮೈ ಕಾಯಿಸಬೇಡಿ, ಕಿಟಕಿಯ ಬಳಿ ಜನರೇಟರ್ ಓಡಿಸಬೇಡಿ. ಇವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುವಷ್ಟು ಅದು ಭೀಕರ. ಹೊರಡುವ ಮುನ್ನವೇ ಅದರ ಅಲಾರಮ್ಮಿನ ಗುಂಡಿ ಒತ್ತಿ ಪರೀಕ್ಷಿಸಿ. ರಾತ್ರಿ ಅದು ಕೂಗಿದರೆ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಬಂದ ಫಲವೇನು? ಪ್ರವಾಸದ ಸಾಮಾನಿನ ಪಟ್ಟಿಯಲ್ಲಿ ಚಕ್ಕುಲಿ, ಪುಳಿಯೋಗರೆ ಗೊಜ್ಜಿನ ಜೊತೆಗೆ ತಲೆಗೊಂದು ಹೆಚ್ಚುವರಿ ಕಂಬಳಿಯನ್ನೂ ಬರೆದುಕೊಳ್ಳಿ. ಕರೆಂಟಿಲ್ಲದ ರಾತ್ರಿಯನ್ನೂ ಅದು ಸುಖವಾಗಿ ಕಳೆಸುತ್ತದೆ.